ನೊಗ ಹೊತ್ತ ಅಳಿಯ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕಿನ ಮಂದಿ ಹೆಲ್ಮೆಟ್ ಹಾಕುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹಾಕುತ್ತಾರೆ. ಎಲ್ಲಿಗೆ ಹಾಕುತ್ತಾರೆ ಅನ್ನುವುದು ಬೇರೆ ಮಾತು. ಕೆಲವರು ಮೊಣಕೈಗೆ, ಕೆಲವರು ಕನ್ನಡಿಗೆ, ಹೆಚ್ಚಿನವರು ಪೆಟ್ರೋಲ್ ಟಾಕಿಯ ಮೇಲೆ. ಬೈಲಹೊಂಗಲದ ಸಂತೆಯಿಂದ ಹೆಲ್ಮೆಟ್ಟಿನ ತುಂಬ ಬದನೆಕಾಯಿ ತುಂಬಿಕೊಂಡು, ಮೇಲೊಂದು ಮೆಂತ್ಯದ ಸಿವುಡು ಸಿಕ್ಕಿಸಿಕೊಂಡು ಹೋಗುವವರನ್ನು ಕಣ್ಣಾರೆ ಕಂಡಿದ್ದೇನೆ. ಐಎಸ್‌ಐ ಗುರುತಿನ ರಕ್ಷಣೆ. ಬದನೆಕಾಯಿಗೆ ಒಂದು ಗೀರು ಬಿದ್ದಿದ್ದರೆ ಕೇಳಿ.

ಯರಗಟ್ಟಿ ಸರ್ಕಲ್ ಹತ್ತಿರ ಬಂದಾಗ ಮಾತ್ರ ಈ ಹೆಲ್ಮೆಟ್ಟುಗಳಿಗೆ ಜೀವ ಬರುತ್ತದೆ. ಎದುರಿನಿಂದ ಬರುವ ಪುಣ್ಯಾತ್ಮ ಹಾಡಹಗಲಿನಲ್ಲಿ ಲೈಟು ಮಿಣಮಿಣ ಮಾಡಿದ ಅಂದರೆ ಮುಂದೆ ಸಾಹೇಬರು ನಿಂತಿದ್ದಾರೆ ಎಂದು ಅರ್ಥ. ಗಾಡಿ ನಿಲ್ಲಿಸದೆ, ಒಂದೇ ಕೈಯಲ್ಲಿ, ಬದನೆಕಾಯಿಯನ್ನು ಹಿಂದೆ ಕೂತ ಹೆಂಡತಿಯ ಉಡಿಗೆ ಸುರುವಿ ಹೆಲ್ಮೆಟ್ಟನ್ನು ತಲೆಗೇರಿಸುವ ಆ ಕಸರತ್ತನ್ನು ಸರ್ಕಸ್ಸಿನವರು ನೋಡಿದರೆ ಅಲ್ಲೇ ನೌಕರಿ ಕೊಟ್ಟಾರು. ಸರ್ಕಲ್ ದಾಟಿ ಪಂಚರ್ ಅಂಗಡಿ ಬಂತೋ, ಬದನೆಕಾಯಿ ಮತ್ತೆ ಸ್ವಸ್ಥಾನಕ್ಕೆ. ಆ ಹೆಂಡತಿಯ ತಲೆಯ ಮೇಲೂ ಒಂದು ಹೆಲ್ಮೆಟ್ ಇರಬೇಕು ಎಂದು ಕರ್ನಾಟಕ ಸರ್ಕಾರ 2016ರ ಜನವರಿಯಲ್ಲೇ ಹೇಳಿದೆ. ಸುದ್ದಿ ಬೆಂಗಳೂರಿನಿಂದ ಹೈವೇ ಹಿಡಿದು ಕಿತ್ತೂರಿನ ತನಕ ಬಂದಿರಬಹುದು. ಅಲ್ಲಿಂದ ಒಳಗೆ ಬರಲಿಕ್ಕೆ ಅದಕ್ಕೆ ಇನ್ನೂ ಬಸ್ ಸಿಕ್ಕಂತಿಲ್ಲ.

ಕಾರಣ ಕೇಳಿದರೆ ಒಬ್ಬೊಬ್ಬರದೂ ಒಂದೊಂದು. ಕಿವಿ ಕೇಳುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ, ಬಿಸಿಲಿಗೆ ನೆತ್ತಿ ಬೇಯುತ್ತದೆ. ಕೂದಲು ಉದುರುತ್ತದೆ ಎಂಬ ದೂರನ್ನು ಎಲ್ಲರಿಗಿಂತ ಜೋರಾಗಿ ಹೇಳುವವರು ಉದುರಲು ಏನೂ ಉಳಿಯದವರು. ಇನ್ನು ಬಾಯಲ್ಲಿ ತಂಬಾಕು ಇಟ್ಟುಕೊಂಡು, ಮೋತಿ ಮುಚ್ಚುವ ಹೆಲ್ಮೆಟ್ ಹಾಕಿದ್ದನ್ನು ಮರೆತು, ಎಡಕ್ಕೆ ತಿರುಗಿ ಪಿಚಕ್ಕನೆ ಉಗುಳಿದವನ ಮುಂದೆ ರಸ್ತೆ ಸುರಕ್ಷತೆಯ ಹೆಸರು ತೆಗೆಯಲೇಬಾರದು. ಕಿತ್ತೂರಿನವರದು ಮತ್ತೂ ಮೇಲಿನ ದರ್ಜೆಯ ವಾದ. "ಥ್ಯಾಕರೆ ಸಾಹೇಬನ್ನ 1824ರಾಗ ಕೆಡವಿದ ಊರ್ರೀ ಇದು. ಬ್ರಿಟಿಷರಿಗೆ ಬಗ್ಗದ ತಲಿ ಐದನೂರು ರೂಪಾಯಿ ದಂಡಕ್ಕ ಬಗ್ಗತೈತೇನು?" 2019ರ ಕೇಂದ್ರದ ತಿದ್ದುಪಡಿಯಲ್ಲಿ ಈ ದಂಡ ಸಾವಿರ ಇತ್ತು, ಕರ್ನಾಟಕ ಐದುನೂರಕ್ಕೆ ಇಳಿಸಿತು. ಚೌಕಾಶಿ ಮಾಡದೆ ಕೊತ್ತಂಬರಿಯನ್ನೂ ಕೊಳ್ಳದ ನಮ್ಮವರಿಗೆ, ಕೇಳುವ ಮೊದಲೇ ಸರ್ಕಾರ ರೇಟು ಇಳಿಸಿದ್ದು ಸ್ವಲ್ಪ ಸಪ್ಪೆ ಎನಿಸಿರಬೇಕು.

ಈ ನೆವಗಳೆಲ್ಲ ಅಪ್ಪಟ ಬೆಳಗಾವಿ ಜಿಲ್ಲೆಯ ಮಾಲು ಎಂದು ಯಾರಾದರೂ ಮೀಸೆ ತಿರುವುತ್ತಿದ್ದರೆ ಇಳಿಸಿಬಿಡಿ. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡಿಸುವ ಜಗದ್ವಿಖ್ಯಾತ ರೇಸುಗಾರರು ಇವೇ ನೆವಗಳನ್ನು, ಇದೇ ಧಾಟಿಯಲ್ಲಿ, ಹದಿನೈದು ವರ್ಷ ಹೇಳಿಕೊಂಡು ತಿರುಗಿದ್ದಾರೆ. ಈ ಜ್ಞಾನ ನಮ್ಮ ಮನೆಗೆ ಬಂದದ್ದು ಅಕ್ಕನ ಮಗನ ದೆಸೆಯಿಂದ.

ಹುಡುಗನಿಗೆ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ, ಕೈತುಂಬ ಸಂಬಳ. ಅದನ್ನು ಖರ್ಚು ಮಾಡಲಿಕ್ಕೆ ಕಾರು ರೇಸು. ರಜೆ ಬಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ. ಅಲ್ಲಿ ರೊಕ್ಕ ಕಟ್ಟಿ, ಟೈರು ಸವೆಸಿ, ಬೆವರು ಹರಿಸಿ ಬರುತ್ತಾನೆ.

"ಅಷ್ಟ ಜೋರ ಓಡಿಸಿ ಎಲ್ಲಿಗೆ ಮುಟ್ಟತೀಯೋ ತಮ್ಮಾ?" ಎಂದು ನಮ್ಮ ಅವ್ವ ಕೇಳಿದಳು.

"ಹೊಂಟ ಜಾಗಾಕ್ಕ ಬರೂದು, ಆಯೀ."

"ಹಂಗಾರ ಹೋಗೂದರ ಯಾಕ?"

ಇದಕ್ಕೆ ಅವನಲ್ಲಿ ಉತ್ತರ ಇರಲಿಲ್ಲ. ನನಗೆ ತಿಳಿದಂತೆ ಫಾರ್ಮುಲಾ ಒನ್ನಿನವರಲ್ಲೂ ಇಲ್ಲ.

ಈ ಸಲ ಬೇಸಗೆಯ ರಜೆಗೆ ಬಂದವನು ಚೀಲದಿಂದ ಒಂದು ವಿಚಿತ್ರ ವಸ್ತು ತೆಗೆದು ಪಡಸಾಲೆಯಲ್ಲಿಟ್ಟ. ಕಪ್ಪಗೆ ಮಿರುಗುವ ಕಾರ್ಬನ್ ಫೈಬರಿನದು. ಎರಡು ಚಾಚು ಹೆಗಲ ಮೇಲಿಂದ ಎದೆಯ ಕಡೆ ಇಳಿಯುತ್ತವೆ. ಹಿಂದೆ, ಹೆಡಕಿನ ಬೆನ್ನಿಗೆ, ಗೇಣುದ್ದದ ಒಂದು ತಡೆ ಎದ್ದಿರುತ್ತದೆ. ಆ ತಡೆಯಿಂದ ಹೊರಟ ಪಟ್ಟಿಗಳ ತುದಿಯಲ್ಲಿ ಕೊಂಡಿ. ಅವು ಹೆಲ್ಮೆಟ್ಟಿನ ಎಡಬಲದ ಗುಬ್ಬಿಗಳಿಗೆ ಟಕ್ಕೆಂದು ಕೂಡುತ್ತವೆ. ಹ್ಯಾನ್ಸ್ ಎಂದು ಇದರ ಹೆಸರು. ಅವ್ವ ಕನ್ನಡಕ ಏರಿಸಿಕೊಂಡು, ತಿರುವಿ ಮುರುವಿ ನೋಡಿ, ತೀರ್ಪು ಕೊಟ್ಟಳು: "ನೊಗಾ ಐತಲ್ಲೋ ಇದು! ಜತ್ತಗೀನೂ ಅದಾವ. ನಿನ್ನ ಹೂಡವರು ಯಾರಪಾ?"

ಅಳಿಯ ತಾಳ್ಮೆಯಿಂದ ತಿಳಿಸಿ ಹೇಳಿದ. ರೇಸಿನ ಕಾರು ಗೋಡೆಗೆ ಹೊಡೆದಾಗ ಬೆಲ್ಟುಗಳು ಮೈಯನ್ನು ಸೀಟಿಗೆ ಹಿಡಿದಿಡುತ್ತವೆ. ತಲೆಯನ್ನು ಹಿಡಿಯುವವರು ಯಾರು? ಹೆಲ್ಮೆಟ್ ಸೇರಿ ಆರೇಳು ಕಿಲೋ ತೂಗುವ ತಲೆ, ಕಾರು ಯಾವ ವೇಗದಲ್ಲಿತ್ತೋ ಅದೇ ವೇಗದಲ್ಲಿ ಮುಂದೆ ಹೊರಟಿರುತ್ತದೆ. ಅದನ್ನು ಜಗ್ಗಿ ನಿಲ್ಲಿಸಬೇಕಾದದ್ದು ಕುತ್ತಿಗೆ ಒಂದೇ. ಅದರಿಂದ ಆಗದಿದ್ದರೆ ತಲೆಬುರುಡೆಯ ತಳ ಒಡೆಯುತ್ತದೆ. ಮುಖದ ಮೇಲೆ ಒಂದು ತರಚು ಇರುವುದಿಲ್ಲ, ಮನುಷ್ಯ ಇರುವುದಿಲ್ಲ. ಬೆಲ್ಟು ಗಟ್ಟಿಯಾದಷ್ಟೂ ಕುತ್ತಿಗೆಯ ಪಾಡು ಕಷ್ಟ ಅನ್ನುವುದು ಇದರಲ್ಲಿನ ಚೋದ್ಯ. ಈ ನೊಗ ಆ ಭಾರವನ್ನು ಕುತ್ತಿಗೆಯಿಂದ ತೆಗೆದು ಪಟ್ಟಿಗಳ ಮೂಲಕ ಹೆಗಲಿಗೂ ಎದೆಗೂ ಬೆಲ್ಟಿಗೂ ದಾಟಿಸುತ್ತದೆ. ತಲೆಯೂ ಮೈಯೂ ಕೂಡಿಯೇ ನಿಲ್ಲುತ್ತವೆ.

ಇದನ್ನು ಕಟ್ಟಿದವರು ಭಾವ ಮೈದುನರು. ಭಾವ ರಾಬರ್ಟ್ ಹಬ್ಬರ್ಡ್, ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರು. ಮೈದುನ ಜಿಮ್ ಡೌನಿಂಗ್, ಕಾರು ರೇಸಿನವನು. 1981ರಲ್ಲಿ ಡೌನಿಂಗ್‌ನ ಗೆಳೆಯ ಪ್ಯಾಟ್ರಿಕ್ ಜಾಕ್ಮಾರ್ಟ್ ಹೀಗೆಯೇ ತಲೆಬುರುಡೆಯ ತಳ ಒಡೆದು ಸತ್ತ. ಡೌನಿಂಗ್ ಬಂದು ಭಾವನನ್ನು ಕೇಳಿದ, ಇದಕ್ಕೇನಾದರೂ ಮಾಡಲಿಕ್ಕೆ ಬರುತ್ತದೆಯೇ ಎಂದು. ನಮ್ಮ ಕಡೆ ಭಾವ ಮೈದುನರು ತಲೆ ಕೂಡಿಸಿದರೆ ಹೊಲದ ಬದುವಿನ ಕೇಸು ಹುಟ್ಟುತ್ತದೆ. ಅಲ್ಲಿ ಇದು ಹುಟ್ಟಿತು.

ಎಂಬತ್ತರ ದಶಕದಲ್ಲೇ ತಯಾರಾಯಿತು. ಡೌನಿಂಗ್ ತಾನೇ ಹಾಕಿಕೊಂಡು ಓಡಿಸಿ ತೋರಿಸಿದ. ಉಳಿದವರು ಏನಂದರು? ಕುತ್ತಿಗೆ ತಿರುಗುವುದಿಲ್ಲ. ಪಕ್ಕದ ಗಾಡಿ ಕಾಣುವುದಿಲ್ಲ. ಹೆಗಲೆಲುಬು ಒತ್ತುತ್ತದೆ. ಬೆಂಕಿ ಹತ್ತಿದರೆ ಇಳಿಯುವುದು ಹೇಗೆ? ಇಷ್ಟು ವರ್ಷ ಇದಿಲ್ಲದೆ ಓಡಿಸಿಲ್ಲವೇ? ಥೇಟ್ ಯರಗಟ್ಟಿ ಸರ್ಕಲ್. ಬದನೆಕಾಯಿ ಒಂದು ಇರಲಿಲ್ಲ. 1994ರ ಏಪ್ರಿಲ್ 30ರಂದು ಇಟಲಿಯ ಇಮೋಲಾದಲ್ಲಿ ಇದೇ ಬಗೆಯ ಪೆಟ್ಟಿಗೆ ರೇಸುಗಾರ ರೊಲಾಂಡ್ ರಾಟ್ಜನ್‌ಬರ್ಗರ್ ಹೋದ. ಮರುದಿನ ಅದೇ ಟ್ರ್ಯಾಕಿನ ಅಪಘಾತದಲ್ಲಿ ಹೆಸರಾಂತ ರೇಸುಗಾರ ಸೆನ್ನಾ ತೀರಿಕೊಂಡದ್ದರಿಂದ ಬಹಳ ಮಂದಿಗೆ ಇವನ ಹೆಸರೂ ನೆನಪಿಲ್ಲ. 2001ರ ಫೆಬ್ರುವರಿ 18ರಂದು ಡೇಟೋನಾದಲ್ಲಿ, ಏಳು ಸಲ ಅಮೆರಿಕದ ನಾಸ್ಕಾರ್ ರೇಸಿನ ಚಾಂಪಿಯನ್ ಆಗಿದ್ದ ಡೇಲ್ ಅರ್ನ್‌ಹಾರ್ಟ್ ಕೊನೆಯ ಸುತ್ತಿನಲ್ಲಿ ಗೋಡೆಗೆ ಹೊಡೆದು ಸತ್ತ. ಅವನಿಗೆ ಈ ನೊಗವೂ ಬೇಕಾಗಿರಲಿಲ್ಲ, ಮೋತಿ ಮುಚ್ಚುವ ಹೆಲ್ಮೆಟ್ಟೂ ಬೇಕಾಗಿರಲಿಲ್ಲ. ಉಳಿದವರಲ್ಲಿ ಹೆಚ್ಚಿನವರು ಬಿಟ್ಟಿದ್ದರೂ ಅವನದು ಮುಖ ತೆರೆದ ಹೆಲ್ಮೆಟ್ಟೇ. ಅದೇ ಅಕ್ಟೋಬರಿನಲ್ಲಿ ನಾಸ್ಕಾರ್ ಕುತ್ತಿಗೆಯ ರಕ್ಷಣೆಯನ್ನು ಕಡ್ಡಾಯ ಮಾಡಿತು. 2003ರಲ್ಲಿ ಫಾರ್ಮುಲಾ ಒನ್ ಕೂಡ. ಕಡ್ಡಾಯ ಆದ ಮೇಲೆ ಎಲ್ಲರ ಕುತ್ತಿಗೆಯೂ ತಿರುಗತೊಡಗಿತು ಎಂಬುದನ್ನು ಗಮನಿಸಬೇಕು.

ಬೈಕಿನ ಹೆಲ್ಮೆಟ್ಟಿನ ಹಿಂದೆಯೂ ಇಂಥದೇ ಒಂದು ಸಾವು ಇದೆ. 1935ರಲ್ಲಿ ಲಾರೆನ್ಸ್ ಆಫ್ ಅರೇಬಿಯಾ ಎಂದೇ ಹೆಸರಾದ ಸೈನ್ಯಾಧಿಕಾರಿ ಮೋಟಾರ್ ಸೈಕಲ್ಲಿನಿಂದ ಬಿದ್ದು ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡ. ನೋಡಲು ಬಂದಿದ್ದ ಮಿದುಳಿನ ಡಾಕ್ಟರ್ ಹ್ಯೂ ಕೇರ್ನ್ಸ್ ಅದನ್ನು ಮರೆಯಲಿಲ್ಲ. ಸೈನ್ಯದ ಮೋಟಾರ್ ಸೈಕಲ್ ಸವಾರರ ತಲೆಪೆಟ್ಟುಗಳನ್ನು ಕೂತು ಅಭ್ಯಾಸ ಮಾಡಿದ. 1941ರಲ್ಲಿ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಈ ಕಥೆಯನ್ನು ಕಿತ್ತೂರಿನಲ್ಲಿ ಹೇಳುವಾಗ ಬ್ರಿಟಿಷ್ ಎಂಬ ಮಾತನ್ನು ನಾನು ನುಂಗಿಬಿಡುತ್ತೇನೆ.

ಅಕ್ಕನಿಗೆ ಮಾತ್ರ ಇದಾವುದೂ ಒಳಗೆ ಇಳಿಯಲಿಲ್ಲ. ಅವಳಿಗೆ ರೇಸು ಅಂದರೆ ಬಿಗ್ ಬಾಸ್‌ನಲ್ಲಿ ಬಂದ ಕೆ.ಪಿ. ಅರವಿಂದ. ಆ ಉಡುಪಿಯ ಹುಡುಗ ಡಾಕರ್ ರ‍್ಯಾಲಿಯನ್ನು ಮುಗಿಸಿ ಬಂದವನು ಎಂದು ಅವಳಿಗೆ ಗೊತ್ತಾದದ್ದು ಟೀವಿಯಲ್ಲೇ.

"ಅಂವ ನೂರು ದಿನಾ ಕಣ್ಮುಂದ ಇದ್ನೋ. ಕುತಗಿಗೆ ಏನೂ ಹಾಕಿದ್ದಿಲ್ಲಲ್ಲ?"

"ಅಂವ ಮನಿಯೊಳಗ ಇದ್ದ, ಯವ್ವಾ. ಅಲ್ಲಿ ಬಾಯಿಗೆ ಹಾಕ್ಕೊಬೇಕು."

ಆಮೇಲೆ ಹುಡುಗ ಮೊಬೈಲಿನಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಸುದ್ದಿ ತೆಗೆದು ತೋರಿಸಿದ. 2015ರಲ್ಲಿ ಡಾಕರ್ ಮುಗಿಸಿದ ಮೊದಲ ಭಾರತೀಯ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ಡಾಕ್ಟರರು ಔಷಧ ಕೊಟ್ಟು ಕೋಮಾದಲ್ಲಿಟ್ಟು ಉಳಿಸಿಕೊಂಡರು. ಅಕ್ಕ ಪೂರ್ತಿ ಓದಿದಳು. ನೊಗದ ಮೇಲಿನ ಧೂಳು ಸೆರಗಿನಿಂದ ಒರೆಸಿಟ್ಟು ಒಳಗೆ ಹೋದಳು. ಅಂದಿನಿಂದ ತಕರಾರು ಬಂದ್.

ಇನ್ನು ರೂಢಿ ಮಾಡಿಕೊಳ್ಳುವ ಪುರಾಣ. ಹ್ಯಾನ್ಸ್ ಅಂಗಿಯ ಹಾಗೆ ಕೊಂಡ ದಿನವೇ ತೊಡುವಂಥದಲ್ಲವಂತೆ. ಸೀಟು ಎಷ್ಟು ಒರಗಿದೆಯೋ ಅದಕ್ಕೆ ಹೊಂದುವ ಕೋನದ್ದನ್ನೇ ಆರಿಸಬೇಕು. ಹೆಗಲೆಲುಬಿನ ಮೇಲೆ ಮೆತ್ತೆ ಸರಿಯಾಗಿ ಕೂರಬೇಕು. ಮೊದಲು ಇದನ್ನು ಹೆಗಲಿಗಿಟ್ಟು ಅದರ ಮೇಲೆಯೇ ಬೆಲ್ಟು ಬಿಗಿಯಬೇಕು. ಬೆಲ್ಟು ಜಾರಿ ಪಕ್ಕಕ್ಕೆ ಬಿತ್ತೋ, ಕೊಟ್ಟ ರೊಕ್ಕವೂ ಬಿತ್ತು. ಕಲಿಸುವವರು ಇವನಿಗೆ ಹೇಳಿದ್ದು: ಮೊದಲು ಮನೆಯಲ್ಲಿ ಸುಮ್ಮನೆ ಹಾಕಿಕೊಂಡು ಕೂಡು, ಆಮೇಲೆ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂಡು, ಆಮೇಲೆ ಟ್ರ್ಯಾಕಿನಲ್ಲಿ ಮೆಲ್ಲಗೆ ಸುತ್ತು ಹಾಕು.

ಅವ್ವ ಗಹಗಹಿಸಿ ನಕ್ಕಳು. "ಹೊಸಾ ಹೋರಿ ಪಳಗಸೂದು ಹಂಗs ಅಲ್ಲೇನೋ? ಮದಲ ಬರೇ ನೊಗಾ ಇಟ್ಟ ನಿಲ್ಲಸೂದು. ಆಮ್ಯಾಲ ಕೊರಡ ಎಳಸೂದು. ಕಡೀಕ ಬಂಡಿ. ಇದನ್ನ ಹೇಳಾಕ ಅವರು ಎಷ್ಟ ರೊಕ್ಕಾ ಇಸಕೊಂಡ್ರು?"

ಹುಡುಗ ಅಂಕಿ ಹೇಳಲಿಲ್ಲ. ಹೇಳಿದ್ದರೆ ಅವ್ವ ಆ ಮಾತಿನ ಮೇಲೇ ಒಂದು ಶಾಲೆ ತೆರೆಯುತ್ತಿದ್ದಳು.

ಅಂತೂ ಮೇ ತಿಂಗಳ ಬಿಸಿಲಿನಲ್ಲಿ, ಮುಖ ಮುಚ್ಚುವ ಹೆಲ್ಮೆಟ್ಟು, ಅದಕ್ಕೆ ಕೊಂಡಿ ಹಾಕಿದ ನೊಗ ಹೊತ್ತು, ಅಳಿಯದೇವರು ನಮ್ಮ ಕಟ್ಟೆಯ ಮೇಲೆ ಪ್ರತಿಷ್ಠಾಪನೆಗೊಂಡರು. ಓಣಿ ಸುಮ್ಮನಿದ್ದೀತೇ? "ಯಾಕೋ ತಮ್ಮಾ, ಕುತಗಿ ಹಿಡಕೊಂಡೈತೇನ?" ಎಂದು ಒಬ್ಬರು ಎಳ್ಳೆಣ್ಣೆ ತಂದರು. ಇನ್ನೊಬ್ಬರಿಗೆ ಹೆಡಕು ಉಳುಕಿದರೆ ಒಂದೇ ಹೊಡೆತಕ್ಕೆ ಸರಿಮಾಡುವವರ ಫೋನ್ ನಂಬರ್ ಬಾಯಿಪಾಠ. ಎಡಕ್ಕೆ ನಿಂತು ಯಾರಾದರೂ ನಮಸ್ಕಾರ ಅಂದರೆ ಇವನು ತಲೆ ತಿರುಗಿಸಲಾರ, ಸೊಂಟದಿಂದ ಇಡೀ ಮೈ ತಿರುಗಿಸಬೇಕು. ಅಷ್ಟರಲ್ಲಿ ಅವರು ಮುನಿದು ನಾಲ್ಕು ಮನೆ ದಾಟಿರುತ್ತಿದ್ದರು. ಬೆಂಗಳೂರಿಗೆ ಹೋದವರಿಗೆ ತಲೆ ತಿರುಗುತ್ತದೆ ಎಂದು ಊರವರ ನಂಬಿಕೆ. ನಮ್ಮವನದು ತಿರುಗದೆ ಇದ್ದದ್ದೇ ಸೊಕ್ಕಿಗೆ ಸಾಕ್ಷಿಯಾಯಿತು. ಊಟದ ಹೊತ್ತಿಗೆ ಹೆಲ್ಮೆಟ್ ತೆಗೆದರೂ ನೊಗ ಬಿಚ್ಚಲೊಲ್ಲ. ಎದೆಯ ಮೇಲಿನ ಚಾಚು ಗದ್ದಕ್ಕೆ ಅಡ್ಡ, ಗಂಗಾಳದಲ್ಲಿ ಏನಿದೆ ಎಂದು ಬಗ್ಗಿ ನೋಡುವುದು ಸಾಧ್ಯವಿಲ್ಲ. ರೊಟ್ಟಿ ಮುರಿದು ಅಂದಾಜಿನ ಮೇಲೆ ಅದ್ದುವುದು. ಎಣ್ಣೆಗಾಯಿ ಎಂದು ಕೆಂಪು ಖಾರದೊಳಗೆ ಕೈಯಿಟ್ಟು, ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿದರೂ ಗಲ್ಲಿ ತುಂಬ ಕೇಳುವಂತೆ "ಏನೂ ಆಗಿಲ್ಲ, ರೂಢಿ ಆಗಾಕ ಹತ್ತೇತಿ" ಎಂದ.

ಅಕ್ಕ ತಕರಾರು ಬಿಟ್ಟರೂ ಒಂದು ಪ್ರಶ್ನೆ ಎತ್ತಿದಳು, ಅದು ತೂಕದ್ದೇ. ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ತಲೆಯ ಮೇಲೆ ದೇವಿಯ ಜಗ ಹೊತ್ತು ನಡೆಯುವ ಹೆಣ್ಣುಮಕ್ಕಳನ್ನು ನೋಡಿ, ಕೈಯಿಂದ ಹಿಡಿಯದೆ ಕೊಡ ಹೊತ್ತು ಹೊಲದ ದಾರಿಯಲ್ಲಿ ಹರಟುತ್ತ ಬರುವವರನ್ನು ನೋಡಿ, ಇಂಥ ಕುತ್ತಿಗೆಗಳಿಗೆ ಕಾರ್ಬನ್ ಫೈಬರಿನ ಊರುಗೋಲು ಯಾತಕ್ಕೆ? ಉತ್ತರ ಇಷ್ಟೇ: ಮೇಲಿನಿಂದ ಬರುವ ಭಾರ ನೇರವಾಗಿ ಬೆನ್ನೆಲುಬಿಗೆ ಇಳಿಯುತ್ತದೆ, ಅದಕ್ಕೆ ಕುತ್ತಿಗೆ ಗಟ್ಟಿ. ಮುಂದಕ್ಕೆ ಜಗ್ಗುವ ಭಾರಕ್ಕೆ ಅದು ಬರೀ ಹಗ್ಗ. ಹುಡುಗ ಇದನ್ನು ಚೆನ್ನಾಗಿಯೇ ಹೇಳಿದ. ಆದರೆ ಜಗ ಹೊತ್ತು ಬಂದ ದೊಡ್ಡಮ್ಮನೊಬ್ಬಳು ಆ ನೊಗವನ್ನು ಒಂದು ಬೆರಳಿನಿಂದ ಎತ್ತಿ ತೂಗಿ, "ಇಷ್ಟs?" ಎಂದ ಮೇಲೆ ಅವನ ಮಾತಿಗೆ ತೂಕ ಉಳಿಯಲಿಲ್ಲ.

ನಮ್ಮ ಕಡೆ ಮೋಟಾರ್ ರೇಸು ಇಲ್ಲ ಎಂದು ಮಾತ್ರ ತಿಳಿಯಬಾರದು. ಜಾತ್ರೆ ಬಂತೆಂದರೆ ಟ್ರ್ಯಾಕ್ಟರ್ ರಿವರ್ಸ್ ಶರ್ಯತ್ತು ಇದ್ದೇ ಇದೆ. ಬಯಲಿನಲ್ಲಿ ಸುಣ್ಣದ ಗೆರೆ ಹಾಕಿರುತ್ತಾರೆ. ಟ್ರ್ಯಾಕ್ಟರಿಗೆ ಟ್ರೇಲರ್ ಹೂಡಿ, ಆ ಗೆರೆಗಳ ನಡುವೆ, ಉಲ್ಟಾ, ಪೂರಾ ವೇಗದಲ್ಲಿ ಹೋಗಬೇಕು. ಮುಂದೆ ಓಡಿಸುವುದು ಯಾರಿಗೂ ಬರುತ್ತದೆ. ಟ್ರೇಲರ್ ಇದ್ದ ಗಾಡಿಯನ್ನು ಹಿಂದಕ್ಕೆ ಒಯ್ಯುವುದಿದೆಯಲ್ಲ, ಸ್ಟೇರಿಂಗ್ ಎಡಕ್ಕೆ ತಿರುವಿದರೆ ಟ್ರೇಲರ್ ಬಲಕ್ಕೆ ಹೊರಳುತ್ತದೆ. ಬುದ್ಧಿ ಅರ್ಧ ತಾಸು ಯೋಚಿಸಿ ಮಾಡುವ ಲೆಕ್ಕವನ್ನು ಕೈ ಅರೆಗಳಿಗೆಯಲ್ಲಿ ಮಾಡಬೇಕು. ಆ ಡ್ರೈವರನನ್ನು ಹತ್ತಿರದಿಂದ ನೋಡಬೇಕು. ಒಂದು ಕೈ ಸ್ಟೇರಿಂಗ್ ಮೇಲೆ, ಒಂದು ಕೈ ಮಡ್‌ಗಾರ್ಡ್ ಮೇಲೆ, ಗದ್ದ ಬೆನ್ನಿನ ಮೇಲೆ. ಹೌದು, ಬೆನ್ನಿನ ಮೇಲೆ. ಗೂಬೆಯನ್ನು ಬಿಟ್ಟರೆ ಕುತ್ತಿಗೆ ಇಷ್ಟು ತಿರುಗುವುದು ಅವನದೇ. ತಲೆಗೆ ಒಂದು ಟವೆಲ್, ಕಾಲಿಗೆ ಹವಾಯಿ ಚಪ್ಪಲಿ. ಸುರಕ್ಷತೆಯ ವ್ಯವಸ್ಥೆ ಅಂದರೆ ಮೈಕಿನಲ್ಲಿ "ಸಣ್ಣ ಹುಡುಗರನ್ನ ಹಿಂದ ಸರಸ್ರೀ" ಎಂದು ಕೂಗುವವರ ಗಂಟಲು.

ಅಳಿಯ ಇಂಥದೊಂದು ಶರ್ಯತ್ತಿಗೂ ನೊಗದೊಂದಿಗೆ ಹೋದ. ತಾನೂ ಒಂದು ಕೈ ನೋಡುವುದಾಗಿ ಟ್ರ್ಯಾಕ್ಟರ್ ಏರಿದ. ಬೆಲ್ಟು ಇಲ್ಲದ ಮೇಲೆ ಹ್ಯಾನ್ಸ್ ಬರೀ ಕೊರಳಿನ ಒಡವೆ ಎಂದು ಅವನಿಗೂ ಗೊತ್ತು, ಆದರೆ ನೋಡುವವರು ಬಹಳ ಮಂದಿ ಇದ್ದರು. ಹಿಂದೆ ನೋಡಬೇಕಾದಾಗ ತಡೆ ಅಡ್ಡ ಬಂತು. ಕನ್ನಡಿ ನಂಬಿದ. ಟ್ರೇಲರ್ ಸುಣ್ಣದ ಗೆರೆ ದಾಟಿ, ಕಬ್ಬಿನ ಹಾಲಿನ ಅಂಗಡಿಯ ಸಮೀಪಕ್ಕೆ ಹೋಗಿ ಅಲ್ಲೊಂದು ಗಡಿಬಿಡಿ ಎಬ್ಬಿಸಿತು. ಗೆದ್ದವನು, ಹತ್ತೊಂಬತ್ತು ಇಪ್ಪತ್ತರ ಪೋರ, ಇವನನ್ನು ಕೈಹಿಡಿದು ಇಳಿಸಿ ಸಮಾಧಾನ ಹೇಳಿದ: "ಚಲೋ ಐತ್ರಿ ಅಣ್ಣಾರ, ಆದ್ರ ಇದು ಮುಂದ ಹೋಗವರಿಗೆ. ನಾವು ಹಿಂದ ಹೋಗೂ ಮಂದಿ."

ಜೋಡೆತ್ತಿನ ಖಾಲಿ ಗಾಡಾ ಓಡಿಸುವ ಶರ್ಯತ್ತಿನದು ಬೇರೆಯೇ ಚೋದ್ಯ. ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಕರ್ನಾಟಕ 2017ರಲ್ಲಿ ಕಾಯ್ದೆ ತಿದ್ದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಎತ್ತಿಗೆ ಅನಗತ್ಯ ನೋವಾಗಬಾರದು ಎಂಬ ಷರತ್ತು ಅದರಲ್ಲಿದೆ, ಇರಬೇಕಾದದ್ದೇ. ಗಾಡಾ ಹೊಡೆಯುವವನ ತಲೆ ಅವನ ಪಟಗಾಕ್ಕೆ ಬಿಟ್ಟದ್ದು.

ಪಟಗಾದ ಮಾತು ಬಂದದ್ದರಿಂದ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ಪೇಟ ಸುತ್ತಿದ ಸಿಖ್ಖರಿಗೆ ಹೆಲ್ಮೆಟ್‌ನಿಂದ ವಿನಾಯಿತಿ ಕೊಡುತ್ತದೆ. ಈ ವಿಷಯ ರಾಮದುರ್ಗದ ಕಡೆಯ ಹಿರಿಯರೊಬ್ಬರ ಕಿವಿಗೆ ಬಿದ್ದು ಅವರು ಅದನ್ನು ಕಂಠಪಾಠ ಮಾಡಿದ್ದಾರೆ. ಗೊಡಚಿ ಜಾತ್ರೆಗೆ ಹೊರಟವರನ್ನು ಪೊಲೀಸರು ತಡೆದರಂತೆ. "ಸಾಹೇಬ್ರ, ನನ್ನ ಪಟಗಾ ಹನ್ನೆರಡು ಮೊಳಾ ಐತಿ. ಅಳದ ನೋಡ್ರಿ. ಅವರದಕ್ಕಿಂತ ಒಂದ ಗೇಣ ಕಡಿಮಿ ಇದ್ರ ದಂಡಾ ಹಾಕ್ರಿ." ಪೊಲೀಸರ ಹತ್ತಿರ ಮದ್ಯ ಅಳೆಯುವ ಯಂತ್ರ ಇತ್ತು, ಪಟಗಾ ಅಳೆಯುವ ಪಟ್ಟಿ ಇರಲಿಲ್ಲ. ಹಿರಿಯರು ಪಾರಾದರು ಎಂದು ಅವರೇ ಹೇಳುತ್ತಾರೆ. ಹನ್ನೆರಡು ಮೊಳದ ಬಟ್ಟೆ ಪೆಟ್ಟನ್ನು ಒಂದಿಷ್ಟು ಮೆತ್ತಗೆ ಮಾಡೀತು. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲು ಪೆಟ್ಟು ಬಿದ್ದಾಗ ತಾನು ನುಗ್ಗಾಗಿ ತಲೆಗೆ ಬರುವುದನ್ನು ನುಂಗಿಕೊಳ್ಳುತ್ತದೆ, ಅದಕ್ಕೇ ಒಮ್ಮೆ ಬಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಬಾರದು ಎಂದು ನಾನು ವಿವರಿಸಿದೆ. ಅವರು ಪೂರಾ ಕೇಳಿ, "ಪಟಗಾ ಒಗದ ಮತ್ತ ಸುತ್ತಬಹುದಲ್ಲ?" ಎಂದರು.

ಈ ವರ್ಷ ನಮ್ಮೂರ ಜಾತ್ರೆಯ ಶರ್ಯತ್ತಿನಲ್ಲಿ ಮೊದಲ ಬಹುಮಾನ ಒಂದು ಬೈಕು. ಹ್ಯಾಂಡ್‌ಬಿಲ್ಲಿನ ಕೊನೆಗೆ ಎಂದಿನ ಸಾಲು: ಅಪಘಾತವಾದರೆ ಕಮಿಟಿ ಜವಾಬ್ದಾರಿಯಲ್ಲ. ಕಮಿಟಿಯವರು ವರ್ಗಣಿ ಕೇಳಲಿಕ್ಕೆ ಬಂದಾಗ ನಾನೂ ಅಳಿಯನೂ ಸೇರಿ ಹಿಡಿದು ಕೂರಿಸಿದೆವು. ಬೈಕು ಮಾರುವಾಗ ಹೆಲ್ಮೆಟ್ ಕೊಡಬೇಕೆಂದು ನಿಯಮವೇ ಇದೆ, ನೀವು ಬೈಕು ಕೊಡುವಾಗ ಅದನ್ನೂ ವೇದಿಕೆಯ ಮೇಲೆ ಕೊಡಿ ಎಂದೆವು. ಒಪ್ಪಿದರು. ಹುರುಪು ಬಂದು ಮುಂದಕ್ಕೆ ಹೋದೆವು. ಅತಿಥಿಗಳಿಗೆ ಶಾಲು ಹೊದಿಸಿ ಮೈಸೂರು ಪೇಟ ಇಡುತ್ತೀರಲ್ಲ, ಈ ಸಲ ಪೇಟದ ಬದಲು ಅವರ ತಲೆಗೂ ಒಂದೊಂದು ಹೆಲ್ಮೆಟ್ ಇಡಿ, ನೋಡಿದ ಹುಡುಗರಿಗೂ ಹಾಕಬೇಕೆನಿಸೀತು ಎಂದೆವು.

ಕಮಿಟಿಯ ಅಧ್ಯಕ್ಷರು ಚಹಾದ ಬಸಿ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದರು.

"ವಿಚಾರ ಚಲೋ ಐತ್ರಿ. ಆದ್ರ ಒಂದs ಪೇಟಾ ಹತ್ತ ಮಂದಿ ಅತಿಥಿಗಳಿಗೆ ನಡೀತೈತಿ. ಒಬ್ಬರ ತಲೀಗೆ ಇಟ್ಟು, ಫೋಟೋ ಹೊಡದು, ತಗದು ಮುಂದಿನವರಿಗೆ ಇಡತೇವಿ. ಹೆಲ್ಮೆಟ್ಟಿನ ಬೆಲ್ಟು ಹಾಕೂದು ತಗಿಯೂದು ಮಾಡಕೋಂತ ಕುಂತ್ರ, ಎಮ್ಮೆಲ್ಲೆ ಸಾಹೇಬ್ರ ಭಾಷಣ ಯಾವಾಗ ಮುಗೀಬೇಕು, ಟ್ರ್ಯಾಕ್ಟರ್ ಯಾವಾಗ ಹಿಂದ ಹೋಗಬೇಕು?"